ಇಬ್ಬರಿಗೂ ರಜಾ ಇರೋ ದಿನ

ಶುಕ್ರವಾರ ಮಧ್ಯಾಹ್ನ ನಮ್ಮ ಗ್ಯಾರೇಜ್ ಸಾಲಿಗೆ ಯಾರಾದ್ರೂ ಗಾಡಿ ತಳ್ಳಿಕೊಂಡು ಬಂದ್ರು ಅಂದ್ರ ಅವರು ಹರಪನಹಳ್ಳಿಗೆ ಹೊಸಬರು ಅಂತ ತಿಳ್ಕೋಬೇಕು. ಹದಿನಾಲ್ಕು ಗ್ಯಾರೇಜು, ಹದಿನಾಲ್ಕೂ ಶಟರ್ ಬಂದ್. ಅದು ಜುಮ್ಮಾ ನಮಾಜಿನ ದಿನ, ನಮ್ಮ ವಾರದ ರಜಾ. ಸಾಲಿನಾಗ ಪ್ರವೀಣಕುಮಾರಂದೂ ಒಂದು ಗ್ಯಾರೇಜ್ ಐತಿ, ಅವನೂ ಶುಕ್ರವಾರನ ಬಂದ್ ಮಾಡ್ತಾನ. ಸಾಲು ಅಂದ್ರ ಸಾಲು.

ಅವತ್ತು ನಾನು ಮಸೀದಿಯಿಂದ ಬರ್ತಿದ್ದೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕಿವಿ ಹಿಂದ ಅತ್ತರು. ನನ್ನ ಶಟರ್ ಮುಂದ ಒಬ್ಬಾಕಿ ಕೆಂಪು ಸ್ಕೂಟಿ ಹಿಡ್ಕೊಂಡು ನಿಂತಿದ್ಲು. ಮೊಣಕೈಗೆ ಹೆಲ್ಮೆಟ್ಟು, ದುಪಟ್ಟಾದ ಸೆರಗಿನಾಗ ಬೆವರು ಒರೆಸ್ಕೊಳ್ತಿದ್ಲು.

"ಭಾಯಿ, ಊಟದ ಬಿಡುವು ಮುಗಿಯಾಕ ಬಂತು, ಇಲ್ಲಿ ಮೆಕ್ಯಾನಿಕ್ ಯಾರೂ ಇಲ್ಲೇನ್ರಿ?"

ಜುಬ್ಬಾ ನೋಡ್ಕೊಂಡೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಇಲ್ರಿ. ನಾಳೆ ಬರ್ತಾರ."

ಆಕಿ ಕಣ್ಣು ಮೆಲ್ಲಕ ನನ್ನ ಕೈಗೆ ಇಳಿದವು. ಎಷ್ಟು ಸೋಪು ತಿಕ್ಕಿದ್ರೂ ಮೆಕ್ಯಾನಿಕ್ಕಿನ ಉಗುರೊಳಗಿನ ಕರಿ ಹೋಗಂಗಿಲ್ಲ ನೋಡ್ರಿ.

"ನಾಳೆ ಬರೋ ಮೆಕ್ಯಾನಿಕ್ಕು ಇವತ್ತ ಬಂದಂಗ ಐತಲ್ರಿ" ಅಂದ್ಲು.

ಸಿಕ್ಕಿಬಿದ್ದೆ! ಕೈ ಎರಡೂ ಬೆನ್ನ ಹಿಂದ ಹೋದವು. "ಇವತ್ತು ನಮಗ ರಜಾರಿ..."

"ರಜಾ ಇದ್ರ ರಜಾ ಅನ್ರಿ, ಅದರಾಗ ನಾಚಿಕಿ ಏನೈತಿ? ರಜಾ ದಿನ ನಾನೂ ಒಂದು ಅಕ್ಷರ ಟೈಪ್ ಮಾಡಂಗಿಲ್ಲ." ಸ್ಟ್ಯಾಂಡ್ ತೆಗೆದು ಗಾಡಿ ತಳ್ಳಿಕೊಂಡು ಹೊಂಟೇಬಿಟ್ಲು.

ಬೈದಿದ್ರ ಸುಮ್ಮನ ಮನಿಗೆ ಹೋಗ್ತಿದ್ದೆ. ಬೈಲಿಲ್ಲ, ಅದ ಕಷ್ಟ ಆತು. ಹಿಂದ ಓಡಿ ಹೋಗಿ ಪ್ಲಗ್ ಬಿಚ್ಚಿ, ಮಸಿ ಕೆರೆದು, ಗಾಡಿ ಚಾಲೂ ಮಾಡಿ ಕೊಟ್ಟೆ. ಜುಬ್ಬಾದ ಎದಿ ಮ್ಯಾಲೆ ಅಂಗೈಯಗಲ ಎಣ್ಣಿ ಕಲೆ. ನಮ್ಮಮ್ಮ ಅದನ್ನ ಒಗಿತಾ ಯಾರ‍್ಯಾರಿಗೋ ಬೈದ್ಲು. ನನಗ ಒಂದೂ ಕೇಳಿಸಲಿಲ್ಲ.

ಹೆಸರು ಅಸ್ಫಿಯಾ. ಕೂಡ್ಲಿಗಿ ಕೋರ್ಟಿನ ಟೈಪಿಸ್ಟ್, ನಮ್ಮೂರ ಕೋರ್ಟಿಗೆ ವರ್ಗ ಆಗಿ ಬಂದು ತಿಂಗಳಾಗಿತ್ತು. ಬಾಡಿಗಿ ಮನ್ಯಾಗ ಆಕಿ, ಆಕಿ ಅಮ್ಮ ಹುಸೇನ್ ಬೀ, ಇಬ್ಬರ.

ಒಮ್ಮೆ ನಾಗೇಂದ್ರಪ್ಪ ವಕೀಲರ ಗಾಡಿ ಕೊಡಾಕ ಕೋರ್ಟಿಗೆ ಹೋದಾಗ ಕಿಟಕಿಯಿಂದ ಆಕಿನ್ನ ನೋಡಿದೆ. ಬೆನ್ನು ನೆಟ್ಟಗ, ಕಣ್ಣು ಕಾಗದದ ಮ್ಯಾಲೆ, ಬೆರಳು ಮಾತ್ರ ಓಡ್ತಿದ್ವು. ಪಕ್ಕದಾಗ ಇಬ್ಬರು ಗುಮಾಸ್ತರು ಜಗಳ ಆಡಿದ್ರೂ ತಲಿ ಎತ್ತಲಿಲ್ಲ. ನಾನೂ ಕೈಕೆಲಸದವ, ಕೆಲಸ ಬಲ್ಲ ಕೈ ಯಾವುದು ಅಂತ ನನಗ ಯಾರೂ ಹೇಳಿಕೊಡಬೇಕಿಲ್ಲ. ಸಂಜಿ ಐದೂವರೆ ಆತು ಅಂದ್ರ ಕಂಪ್ಯೂಟರ್ ಬಂದ್, ಆಕಿ ಹೊರಗ. ಆಮೇಲೆ ಲೈಬ್ರರಿ, ಇಲ್ಲಾ ಅಮ್ಮನ ಕೈ ಹಿಡ್ಕೊಂಡು ಕೆರಿ ಏರಿ ಮ್ಯಾಲೆ ವಾಕಿಂಗ್. ನಾನು ರಾತ್ರಿ ಒಂಬತ್ತರ ತನಕ ಸ್ಪ್ಯಾನರ್ ಹಿಡಿದು, ಉಣ್ಣಾಕ ಕುಂತಲ್ಲೇ ತೂಕಡಿಸೋ ಮನುಷ್ಯ. ಹಿಂಗೂ ದುಡೀಬಹುದಾ ಅಂತ ಬೆರಗಾದೆ.

ಆಕಿ ಗ್ಯಾರೇಜಿಗೆ ಬರೋದು ಭಾನುವಾರ. ಎಲ್ಲಾ ನೌಕರಿಯವರೂ ಗಾಡಿ ಸರ್ವಿಸಿಗೆ ತರೋದು ಅವತ್ತ. ವಾರದ ಅರ್ಧ ಕೆಲಸ ನಮಗ ಆ ಒಂದು ದಿನದಾಗ. ಆದ್ರೂ ಆಕಿ ಸ್ಟೂಲ್ ಹಾಕ್ಕೊಂಡು, ಲೈಬ್ರರಿ ಪುಸ್ತಕ ತೆರಕೊಂಡು ಕುಂದ್ರತಿದ್ಲು. ಓದ್ತಿದ್ಲಾ? ಹಾಳಿ ಮಾತ್ರ ತಿರುವ್ತಿರಲಿಲ್ಲ. ನಾನು ನೋಡಿದ್ರ ಪುಸ್ತಕ ನೋಡೋದು, ನಾನು ಬಗ್ಗಿದ್ರ ನನ್ನ ನೋಡೋದು. ಗಾಡಿ ಕನ್ನಡಿಯೊಳಗ ಎಲ್ಲಾ ಕಾಣ್ತಿತ್ತು. ಕನ್ನಡಿ ಸುದ್ದಿ ಆಕಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಹಿಂಗ ನಾಲ್ಕು ತಿಂಗಳು ಹೋದವು. ಯಾವಾಗಲೋ "ಭಾಯಿ" ಅನ್ನೋದು ಬಿಟ್ಟು ಬರೇ "ತೌಹೀದ್" ಅಂದ್ಲು. ಅವತ್ತು ಒಂದು ಗಾಡಿಗೆ ಎರಡು ಸಲ ಎಣ್ಣಿ ಹಾಕೀನಿ.

ಒಂದು ಭಾನುವಾರ ಧೈರ್ಯ ಮಾಡಿದೆ. "ಅಸ್ಫಿಯಾ, ನಾನು ನಿಮ್ಮನ್ನ..."

"ತೌಹೀದಾ! ಬ್ರೇಕ್ ಹಿಡಿಯವಲ್ದೋ!" ನಾಗೇಂದ್ರಪ್ಪ ವಕೀಲರು.

ಬ್ರೇಕ್ ಬಿಗಿ ಮಾಡಿ ಬಂದೆ. "ಏನಂದೆ ಅಂದ್ರ, ನಾನು ನಿಮ್ಮನ್ನ..."

"ಪಂಕ್ಚರ್ ಹಾಕ್ತೀರೇನ್ರಿ?" ಯಾರೋ ಚಿಗಟೇರಿ ಕಡೆಯವರು.

ಮೂರನೇ ಸಲಕ್ಕ ಚೈನ್ ಸೆಟ್ಟು, ನಾಲ್ಕನೇ ಸಲಕ್ಕ ಇಂಡಿಕೇಟರು. ಅಸ್ಫಿಯಾ ಪುಸ್ತಕ ಮುಚ್ಚಿದ್ಲು. ತುಟಿ ತುದಿಗೆ ನಗು ಬಂದು ನಿಂತಿತ್ತು, ಬಿದ್ದಿರಲಿಲ್ಲ.

"ಅರ್ಧ ತಾಸಿನಾಗ ನಾಲ್ಕು ಸಲ ಶುರು ಮಾಡೀರಿ. ಮುಗಿಸಲೇನು ನಾನ?"

"ಮುಗಿಸ್ರಿ."

"ಲಗ್ನ ಆಗ್ತೀನಿ ಅಂತೀರಿ. ನನಗೂ ಮನಸೈತಿ." ನನ್ನ ಕೈಯಾಗಿನ ನಟ್ಟು ಬೋಲ್ಟು ಎಲ್ಲಿ ಉರುಳಿ ಹೋದ್ವೋ! ಆಕಿ ನಗು ಮಾತ್ರ ಇಳೀತು. "ಆದ್ರ ಒಂದು ಮಾತು ಕೇಳ್ರಿ. ನಮ್ಮ ಅಬ್ಬ ಖಲಂದರ್ ಸಾಬ್ ಅಂತ, ಲಾರಿ ಓಡಿಸ್ತಿದ್ರು. ಅಬ್ಬ ಮನ್ಯಾಗಿದ್ದಾಗ ನಾನು ಸ್ಕೂಲಿನಾಗ, ನನಗ ರಜಾ ಇದ್ದಾಗ ಅಬ್ಬ ಮಂಗಳೂರಿನಾಗ. ಭಾಳ ಒಳ್ಳೆ ಮನುಷ್ಯ ಅಂತ ಊರೆಲ್ಲಾ ಹೇಳ್ತಾರ. ಮಗಳು ನಾನು, ನನಗ ಅವರ ಪರಿಚಯ ಆಗಲಿಲ್ಲ ತೌಹೀದ್. ಅಷ್ಟ್ರಾಗ ತೀರ್ಕೊಂಡ್ರು."

ನಾನು ಸ್ಪ್ಯಾನರ್ ಕೆಳಗಿಟ್ಟು ಆಕಿ ಮುಂದ ಕುಂತೆ.

"ನಿಮಗ ಶುಕ್ರವಾರ ರಜಾ, ನನಗ ಭಾನುವಾರ. ಒಂದ ಮನ್ಯಾಗ ಇಬ್ಬರು ಬಾಡಿಗಿದಾರರಂಗ ಇರಾಕ ನನ್ನ ಕೈಲಿ ಆಗಂಗಿಲ್ಲ. ವಾರಕ್ಕ ಒಂದು ದಿನ ಇಬ್ಬರಿಗೂ ಸಿಗಬೇಕು. ನನಗ ಬಡ್ತಿ ಬಂದೈತಿ. ಹೊಸಪೇಟಿ ಬೇಕೋ ಹಡಗಲಿ ಬೇಕೋ ಅಂತ ಬರೆದು ಮುಂದಿನ ಸೋಮವಾರ ಫಾರಂ ಕೊಡಬೇಕು. ಆ ದಿನ ಸಿಕ್ಕರ ಹಡಗಲಿ ಅಂತ ಬರೀತೀನಿ, ಇಲ್ಲಿಂದನ ದಿನಾ ಹೋಗಿ ಬರ್ತೀನಿ. ಸಿಗಲಿಲ್ಲಾಂದ್ರ ಅಮ್ಮನ್ನ ಕರ್ಕೊಂಡು ಹೊಸಪೇಟಿಗೆ ಹೋಗ್ತೀನಿ."

ಅವತ್ತ ಓಡಿದೆ ಉಸ್ತಾದ್ ಅಬ್ದುಲ್ ಮಜೀದರ ಹತ್ರ. ನನಗ ಸ್ಪ್ಯಾನರ್ ಹಿಡಿಯೋದು ಕಲಿಸಿದವರು, ನಮ್ಮ ಸಾಲಿನ ಹಿರೇರು. ಅಸ್ಫಿಯಾ ಅಂದದ್ದೆಲ್ಲಾ ಹೇಳಿದೆ.

"ಉಸ್ತಾದ್, ನಾನು ಭಾನುವಾರ ಬಂದ್ ಮಾಡಿ ಶುಕ್ರವಾರ ತೆಗಿತೀನಿ. ನಮಾಜಿನ ಹೊತ್ತು ಬಿಟ್ಟು."

ಅವರು ಚಾ ಕುಡಿಯೋದು ನಿಲ್ಲಿಸಿದ್ರು. "ಹದಿಮೂರು ಶಟರ್ ಇಳಿದಾಗ ನಿಂದೊಂದ ಎದ್ದಿದ್ರ ಹದಿಮೂರು ಮಂದಿಯ ಗಿರಾಕಿ ನಿನ್ನ ಬಾಗಿಲಿಗೆ ಬರ್ತಾರ. ಅದು ದುಡಿಮಿ ಅಲ್ಲಪ್ಪ, ಕಸ್ಕೊಳ್ಳೋದು. ಬೇಕಂದ್ರ ಎರಡೂ ದಿನ ಬಂದ್ ಮಾಡು, ಯಾರು ಬ್ಯಾಡಂತಾರ?"

"ಎರಡೂ ದಿನ ಬಂದ್ ಮಾಡಿದ್ರ ಮಣ್ಣು ತಿನ್ನಬೇಕಾಗ್ತೈತಿ, ಉಸ್ತಾದ್!"

"ಹಂಗಾರ ನನ್ನ ಯಾಕ ಕೇಳ್ತಿ? ಹೋಗು, ಆ ಹುಡುಗಿನ್ನ ಕೇಳು."

ಕೇಳಿದೆ. ಕೇಳಿದ್ದ ತಪ್ಪಾತು. ಗುರುವಾರ ಸಂಜಿ ಕೆರಿ ಏರಿ ಮ್ಯಾಲೆ, ಹುಸೇನ್ ಬೀ ನಾಲ್ಕು ಹೆಜ್ಜಿ ಮುಂದ ಹೋಗಿದ್ದಾಗ ಹೇಳಿದೆ, "ನೀವ ನೌಕರಿ ಬಿಟ್ಟುಬಿಡ್ರಿ. ನಾನು ದುಡಿತೀನಲ್ಲ."

ಆಕಿ ನಿಂತ್ಲು. "ನಾನು ನಿಮಗ ಗ್ಯಾರೇಜ್ ಮುಚ್ರಿ ಅಂದ್ನಾ?"

"ಅದು ಬ್ಯಾರೆ..."

"ಹೆಂಗ ಬ್ಯಾರೆ? ಬೆಳಗಿನ ಆರಕ್ಕ ಟೈಪಿಂಗ್ ಕ್ಲಾಸು, ಆಮೇಲೆ ಅಂಗಡಿ ಕೆಲಸ, ಆಮೇಲೆ ಓದು. ಮೂರು ಸಲ ಪರೀಕ್ಷೆ ಕಟ್ಟಿ ಸಿಕ್ಕ ನೌಕರಿ ಅದು. ನಿಮ್ಮ ಕೈ ನಿಮ್ಮದಾದಂಗ ನನ್ನ ಕೈ ನಂದಲ್ಲೇನು?" ಧ್ವನಿ ಏರಿಸಲಿಲ್ಲ. ಅಮ್ಮನ್ನ ಕೂಗಿದ್ಲು, ಹೊಳ್ಳಿ ನನ್ನ ಕಡೆ ನೋಡಿ ಅಂದ್ಲು, "ಬರ್ತೀನಿ, ತೌಹೀದ್ ಭಾಯಿ."

ಭಾಯಿ! ನಾಲ್ಕು ತಿಂಗಳಿನಾಗ ಗಳಿಸಿದ್ದು ಒಂದು ಮಾತಿನಾಗ ಹೋತು. ಶುಕ್ರವಾರ ಇಡೀ ದಿನ ರಜಾ ಇದ್ದು ಮನ್ಯಾಗ ಗ್ವಾಡಿ ನೋಡ್ಕೋಂತ ಬಿದ್ದಿದ್ದೆ. ಅನ್ನ ಸೇರಲಿಲ್ಲ. ಆಕಿ ಇಲ್ಲದ ರಜಾ ಎಂಥ ರಜಾ ಅಂತ ಅವತ್ತು ಗೊತ್ತಾತು. ನನಗ ಇದು ಈಗ ತಿಳೀತು, ಆಕಿಗೆ ಅಬ್ಬನ ದಾರಿ ಕಾಯೋ ಆರು ವರ್ಷದಾಕಿ ಆಗಿದ್ದಾಗಿಂದ ಗೊತ್ತಿತ್ತಲ್ಲ.

ಶನಿವಾರ ಹತ್ತೂವರೆಗೆ ಶಟರ್ ಎಳೆದು ಕೋರ್ಟಿಗೆ ಹೋದೆ. ಕ್ಷಮೆ ಕೇಳಬೇಕು, ಅಷ್ಟ. ಊಟದ ಹೊತ್ತಿನ ತನಕ ಆಕಿ ಹೊರಗ ಬರಂಗಿಲ್ಲ ಅಂದ್ರು. ಬೇವಿನ ಮರದ ಕೆಳಗ ಕುಂತೆ.

ಸುತ್ತ ಗಾಡಿಗಳು. ಸಾಲು ಸಾಲು, ನೂರರ ಮ್ಯಾಲೆ. ಮೆಕ್ಯಾನಿಕ್ ಕಣ್ಣು ಸುಮ್ಮನ ಇರ್ತಾವೇನು? ಇದರ ಚೈನ್ ಒಣಗೈತಿ, ಅದರ ಟೈರು ಸವದೈತಿ ಅಂತ ನೋಡ್ಕೋಂತ ಹೋದೆ. ಅದು ನಾಗೇಂದ್ರಪ್ಪ ವಕೀಲರದು. ಅದರ ಪಕ್ಕದ್ದು ಕೋರ್ಟ್ ನೋಟಿಸ್ ಹಂಚೋ ಅಮೀನರದು. ಅರೆ, ಎಲ್ಲಾ ನನ್ನ ಭಾನುವಾರದ ಗಾಡಿಗಳ! ಹತ್ತಕ್ಕ ಬಂದು ನಿಂತ್ರ ಐದೂವರೆ ತನಕ ಬಿಸಿಲಾಗ ನಿಂತ ಇರ್ತಾವ.

ಥೂ ನನ್ನ! ಹನ್ನೆರಡು ವರ್ಷ ಗ್ಯಾರೇಜ್ ನಡೆಸಿದೆ, ಗಾಡಿ ನನ್ನ ಹತ್ರ ಬರಬೇಕು ಅಂತ ಕುಂತೆನೇ ಹೊರತು ನಾನು ಗಾಡಿ ಹತ್ರ ಹೋಗಬಹುದು ಅಂತ ಒಮ್ಮೆಯೂ ಹೊಳೀಲಿಲ್ಲ. ಮುಂಜಾನೆ ಇಲ್ಲಿಂದ ಒಯ್ದು, ಸರ್ವಿಸ್ ಮಾಡಿ, ಸಂಜಿ ಐದರೊಳಗ ತಂದು ನಿಲ್ಲಿಸಿದ್ರ ಭಾನುವಾರ ಯಾರಿಗೆ ಬೇಕು?

ವಕೀಲರು ಹೊರಗ ಬಂದ್ರು. ಹಿಡಿದು ಹೇಳಿದೆ. ಅವರು ಕರಿ ಕೋಟಿನ ಜೇಬಿನಿಂದ ಕೀಲಿ ತೆಗೆದು ನನ್ನ ಅಂಗೈಗೆ ಇಟ್ರು.

"ನನ್ನ ಭಾನುವಾರನೂ ಉಳೀತೈತಲ್ಲೋ ಮಾರಾಯ! ಮೊದಲ ಯಾಕ ಹೇಳಲಿಲ್ಲ?"

ಅವರೇ ಇನ್ನೂ ಐದು ಮಂದಿಗೆ ಹೇಳಿದ್ರು. ಅಸ್ಫಿಯಾ ಟಿಫಿನ್ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬರೋದ್ರೊಳಗ ನನ್ನ ಕೈಯಾಗ ಆರು ಕೀಲಿ.

"ಅಸ್ಫಿಯಾ, ಇಲ್ಲಿ ನೋಡ್ರಿ, ಈ ಗಾಡಿಗಳು ಸಂಜಿ ತನಕ ಸುಮ್ಮನ ನಿಂತಿರ್ತಾವ..."

"ಗಾಡಿ ನೋಡಾಕ ಬಂದೀರೇನು?" ಹುಬ್ಬು ಏರಿತ್ತು. ಕಣ್ಣಿನ ಕೆಳಗ ಕಪ್ಪಾಗಿತ್ತು. ಆಕಿನೂ ನಿದ್ದಿ ಮಾಡಿಲ್ಲ ಅಂತ ತಿಳಿದು ನನಗ ಕೆಟ್ಟ ಅನಿಸ್ತು, ಒಂದು ಕಡೆ ಖುಷಿನೂ ಆತು, ಸುಳ್ಳ್ಯಾಕ ಹೇಳಲಿ.

"ಇಲ್ಲ, ತಪ್ಪಾತು ಅಂತ ಹೇಳಾಕ ಬಂದೆ. ನೀವು ಕೆಲಸ ಮಾಡೋದು ಕಿಟಕಿಯಿಂದ ನೋಡಿನ ನಾನು ಮರುಳಾಗಿದ್ದು. ಅದನ್ನ ಬಿಡ್ರಿ ಅಂದ್ನಲ್ಲ, ನನ್ನಂಥ ಪೆದ್ದ ಹರಪನಹಳ್ಳಿ ತಾಲ್ಲೂಕಿನಾಗ ಇಲ್ಲ. ದುಡಿಮಿ ಹೆಂಗ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ನಿಮ್ಮಿಂದ ನಾನು ಕಲೀಬೇಕು." ಕೀಲಿ ತೋರಿಸಿದೆ. "ಇನ್ನು ಈ ಗಾಡಿಗಳನ್ನ ವಾರದ ದಿನ ಇಲ್ಲಿಂದನ ಒಯ್ದು ಮಾಡಿ ಕೊಡ್ತೀನಿ. ಶುಕ್ರವಾರದ ಜೋಡಿ ಭಾನುವಾರನೂ ಶಟರ್ ತೆಗಿಯಂಗಿಲ್ಲ. ಕೆಲಸ ಸ್ವಲ್ಪ ಕಮ್ಮಿ ಆಗಬಹುದು. ಆಗ್ಲಿ."

ಆಕಿ ಆರು ಕೀಲಿ ನೋಡಿದ್ಲು, ನನ್ನ ಮುಖ ನೋಡಿದ್ಲು.

"ಮಾತು ಚಲೋ ಐತಿ. ನಾಳೆ ಭಾನುವಾರ" ಅಂದ್ಲು. ಅಷ್ಟ ಅಂದು ಒಳಗ ಹೋದ್ಲು.

ಅವತ್ತ ಪ್ರವೀಣಕುಮಾರನ್ನ ಜೋಡಿಗೆ ಕರ್ಕೊಂಡು ಆರೂ ಗಾಡಿ ಮುಗಿಸಿ ಐದಕ್ಕ ತಂದು ಮರದ ಕೆಳಗ ನಿಲ್ಲಿಸಿದೆ. ಸೊಂಟ ಬಿದ್ದು ಹೋತು.

ಭಾನುವಾರ ಹತ್ತಕ್ಕ ನಾನು ನಮ್ಮಮ್ಮನ್ನ ಕರ್ಕೊಂಡು ಹುಸೇನ್ ಬೀ ಮನಿಯೊಳಗಿದ್ದೆ. ಫೋನು ಮನ್ಯಾಗ ಬಿಟ್ಟು ಬಂದಿದ್ದೆ. ಅಮ್ಮಂದಿರಿಬ್ಬರೂ ಅಡಿಗಿ ಮನಿ ಸೇರಿದ್ರು. ನಾನು ಕುರ್ಚಿ ತುದಿಗೆ ಕುಂತು ಅಂಗೈ ಉಜ್ಜಿಕೊಂಡೆ, ಕಿಟಕಿ ಬೋಲ್ಟು ಸಡಿಲಾಗಿತ್ತು ನೋಡಿದೆ, ಎದ್ದೆ, ಮತ್ತ ಕುಂತೆ.

ಅಸ್ಫಿಯಾ ಬಾಗಿಲಿಗೆ ಒರಗಿ ನಗಾಕ ಹತ್ತಿದ್ಲು. "ಒಂದು ದಿನ ಪೂರ್ತಿ ಸಿಕ್ಕರ ಏನು ಮಾಡಬೇಕಂತ ಗೊತ್ತಿಲ್ಲಲ್ಲ ನಿಮಗ!"

"ಗೊತ್ತೈತಿ. ನಿಮ್ಮನ್ನ ನೋಡ್ಕೋಂತ ಕುಂದ್ರತೀನಿ."

"ನೋಡ್ರಿ ಮತ್ತ" ಅಂದು ನನ್ನ ಎದುರಿಗೇ ಕುಂತ್ಲು. ಅವತ್ತು ಕನ್ನಡಿ ಬೇಕಾಗಲಿಲ್ಲ. ನೆಟ್ಟಗ ನೋಡಿದೆ, ಆಕಿನೂ ನೋಡಿದ್ಲು. ಮೊದಲು ತಲಿ ತಗ್ಗಿಸಿದವ ನಾನ.

ಫಾರಂ ತಂದು ಟೀಪಾಯಿ ಮ್ಯಾಲೆ ಇಟ್ಲು. ಊರಿನ ಹೆಸರಿನ ಜಾಗ ಖಾಲಿ ಇತ್ತು. ಪೆನ್ನಿನ ಕ್ಯಾಪ್ ತೆಗೆದ್ಲು, ಬರೀಲಿಲ್ಲ.

"ಮುಂಜಾನೆ ಹಡಗಲಿ ಬಸ್ಸು ಎಷ್ಟಕ್ಕೈತಿ, ತೌಹೀದ್?"

ಭಾಯಿ ಇರಲಿಲ್ಲ. "ಎಂಟೂವರೆಗೆ."

"ಹೊಳ್ಳಿ ಬರೋದ್ರೊಳಗ ಸಂಜಿ ಏಳಾಗ್ತೈತಿ. ಬಂದು ರೊಟ್ಟಿ ಬಡಿಯೋ ತಾಕತ್ತು ನನಗಿರಂಗಿಲ್ಲ, ಈಗ ಹೇಳೀನಿ."

"ಆರೂವರೆಗೆ ಶಟರ್ ಎಳೆದು ಬಸ್ ಸ್ಟ್ಯಾಂಡಿಗೆ ಬಂದು ನಿಂದ್ರತೀನಿ. ರೊಟ್ಟಿ ನನಗ ಬರಂಗಿಲ್ಲ. ಚಪಾತಿ ಮಾಡ್ತೀನಿ."

"ದುಂಡಗ ಬರ್ತಾವ?"

"ಇಲ್ಲ."

ನಕ್ಕೋಂತ ಬಗ್ಗಿ ಹಡಗಲಿ ಅಂತ ಬರೆದ್ಲು. ಸಹಿ ಹಾಕಿದ್ಲು. ಅಷ್ಟ್ರಾಗ ನಮ್ಮಮ್ಮ ಅಡಿಗಿ ಮನಿಯಿಂದ ಇಣುಕಿ, ಮುಂದಿನ ತಿಂಗಳು ಶುಕ್ರವಾರ ಒಳ್ಳೆ ದಿನ, ನಿಕಾಹ್ ಅವತ್ತ ಇಡೋಣ ಅಂದ್ಲು.

"ಭಾನುವಾರ ಇಡ್ರಿ, ಅಮ್ಮಾ" ಅಂದ್ಲು ಅಸ್ಫಿಯಾ. "ಶುಕ್ರವಾರ ನನಗ ಡ್ಯೂಟಿ ಐತಿ."