ಬಂಡೆಮ್ಮನ ಎತ್ತರದ ಗಾಡಿ

“ಗ್ಲಾಸ್ ಇಳಿಸಬ್ಯಾಡ ದುರುಗೇಶ! ಇಳಿಸಿದಿ ಅಂದ್ರ ನಾ ನಿನ್ನ ಹಡದವ್ವನೇ ಅಲ್ಲ!”

ಬಂಡೆಮ್ಮನ ಈ ಕೂಗು ಗಾಡಿಯ ಒಳಗೇ ಉಳಿಯಿತು. ಅಷ್ಟು ಬಂದೋಬಸ್ತಿನ ಗಾಡಿ ಅದು! ಒಳಗಿನ ಮಾತು ಹೊರಗೆ ಹೋಗುವುದಿಲ್ಲ, ಹೊರಗಿನ ಬಿಸಿಲು ಒಳಗೆ ಬರುವುದಿಲ್ಲ. ಹೊರಗೆ, ರಾಯಚೂರಿನ ಆ ಸುಡುಸುಡು ಬಿಸಿಲಿನಲ್ಲಿ, ಬೀಗಿತ್ತಿ ಉಮಾದೇವಿ ತನ್ನ ಮಗನ ಲಗ್ನಪತ್ರಿಕೆ ಹಿಡಿದು ನಿಂತಿದ್ದಳು. ಮಲ್ಲಟದಿಂದ ಎರಡು ಬಸ್ಸು ಬದಲಿಸಿ ಬಂದ ವಿಧವೆ ಹೆಂಗಸು. ಕಪ್ಪು ಗಾಜಿನ ಮೇಲೆ ಮೆಲ್ಲಗೆ ಬಡಿದಳು. “ಬೀಗತೀ... ಮಾತಾಡಬ್ಯಾಡ್ರಿ, ಬೈರಿ ಬೇಕಾದ್ರ... ಪತ್ರ ಒಂದು ಕೈಯಾಗ ತಗೋರಿ, ಸಾಕು...” ಸ್ಟಿಯರಿಂಗ್ ಹಿಡಿದಿದ್ದ ದುರುಗೇಶ ಅವ್ವನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಆಮೇಲೆ ಇಂಥ ಹೊತ್ತಿನಲ್ಲಿ ಗಂಡಸರು ನೋಡುವ ಹಾಗೆ ತನ್ನ ಕಾಲುಬೆರಳು ನೋಡಿಕೊಂಡ. ಗಾಡಿ ಮುಂದಕ್ಕೆ ಹೋಯಿತು. ಉಮಾದೇವಿಯ ಕೈ ಗಾಳಿಯಲ್ಲಿ ಹಾಗೇ ಉಳಿಯಿತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಸೊಸೆ ಯಶೋದಾ “ಅವ್ವಾ!” ಎಂದು ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಎಂಟು ತಿಂಗಳಾಗಿತ್ತು ತಾಯಿಯನ್ನು ನೋಡಿ! “ಒಳಗ ಬಾ ಯವ್ವಾ, ಒಂದು ತಂಬಿಗಿ ನೀರರೆ ಕುಡಿ...” ಉಮಾದೇವಿ ತಲೆಯಾಡಿಸಿದಳು. “ಬ್ಯಾಡ ಮಗಾ. ಮನಿ ಯಜಮಾನ್ತಿ ಕರೀಲಾರದ ನಾ ಹೊಸ್ತಿಲ ದಾಟಂಗಿಲ್ಲ. ಹದಿನೈದು ದಿನಕ್ಕ ನಿನ್ನ ತಮ್ಮಗ ಅಕ್ಕಿಕಾಳು. ಅಕ್ಕ ಕಳಸ ಹಿಡೀಬೇಕು, ಬ್ಯಾರೆ ಯಾರೂ ಬ್ಯಾಡ ಅಂತ ಕುಂತಾನ ಉಮೇಶ. ನಾ ಏನ ಹೇಳ್ಲಿ ಅವಗ?” ಯಶೋದಾ ತಾಯಿಯ ಕೈಯಿಂದ ಪತ್ರ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅಪ್ಪ ಸತ್ತಾಗ ಉಮೇಶ ಇನ್ನೂ ಮೂಗು ಸುರಿಸುವ ಹುಡುಗ. ಮನೆಯ ಪಿಕಪ್ ಗಾಡಿಗೆ ಹತ್ತಿ ಹೇರಿಕೊಂಡು ರಾಯಚೂರಿನ ಮಾರುಕಟ್ಟೆಗೆ ತಾನೇ ಓಡಿಸಿಕೊಂಡು ಬಂದು, ಆ ತಮ್ಮನನ್ನು ಓದಿಸಿ ಬೆಳೆಸಿದವಳು ಅವಳು. ತಮ್ಮನ ಮದುವೆಯಲ್ಲಿ ಅಕ್ಕ ಕಳಸ ಹಿಡಿದು ಪಕ್ಕದಲ್ಲಿ ನಿಲ್ಲದಿದ್ದರೆ ಅದು ಅವಳ ಪಾಲಿಗೆ ಮದುವೆಯೇ ಅಲ್ಲ.

ಹಾಗಾದರೆ ಇಷ್ಟೆಲ್ಲ ಸಿಟ್ಟು ಯಾಕೆ? ಎಲ್ಲ ಆ ಗಾಡಿಯ ದೆಸೆಯಿಂದ. ಬಂಡೆಮ್ಮ ದೇವದುರ್ಗದ ಕಡೆಯ ಕುರಿಗಾರರ ಮನೆಯವಳು. ಗಂಡ ಹನುಮಂತ್ರಾಯ ಬೇಗ ತೀರಿಕೊಂಡ. ಒಬ್ಬಳೇ ಕುರಿ ಕಾಯ್ದು, ಕುರಿ ಮಾರಿ, ಕುರಿವ್ಯಾಪಾರ ಬೆಳೆಸಿ ರಾಯಚೂರಿನಲ್ಲಿ ಮಹಡಿ ಮನೆ ಕಟ್ಟಿದವಳು. ಬರಿಗಾಲಲ್ಲಿ ಹಿಂಡಿನ ಹಿಂದೆ ನಡೆಯುವಾಗ ದೊಡ್ಡವರ ಜೀಪು ಬಂದರೆ ರಸ್ತೆ ಬಿಟ್ಟು ಮುಳ್ಳಿಗೆ ಇಳಿಯಬೇಕಾಗುತ್ತಿತ್ತು. ಅವತ್ತೇ ಮನಸ್ಸಿನಲ್ಲಿ ಹರಕೆ ಹೊತ್ತಿದ್ದಳೋ ಏನೋ, ಕೈಯಲ್ಲಿ ದುಡ್ಡು ಆಡಿದ ಕೂಡಲೇ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಅಗಲದ, ಗುಡ್ಡ ಹತ್ತುವ ಡೀಸೆಲ್ ಗಾಡಿಯನ್ನೇ ಹೈದರಾಬಾದಿನಿಂದ ತರಿಸಿದಳು. ಸುಳ್ಳು ಯಾಕೆ ಹೇಳಬೇಕು, ಆ ಗಾಡಿಗೆ ಮನಸ್ಸು ಸೋಲದವರಿಲ್ಲ! ಕೂತರೆ ಎಲ್ಲರ ಕಾಂಪೌಂಡಿನ ಒಳಗೆ ಕಾಣುತ್ತದೆ, ತಗ್ಗುದಿನ್ನೆ ಸೊಂಟಕ್ಕೆ ಗೊತ್ತೇ ಆಗುವುದಿಲ್ಲ, ಎದುರಿಗೆ ಬಂದ ಲಾರಿಯವನೂ ಒಂದು ಕ್ಷಣ ಯೋಚನೆ ಮಾಡುತ್ತಾನೆ. ಬಂಡೆಮ್ಮ ಮೊದಲ ಸಲ ಅದರಲ್ಲಿ ಕೂತಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ಯಶೋದಾ ಕಂಡಿದ್ದಳು.

ಇನ್ನು ಅದರ ಕಾಟವನ್ನೂ ಹೇಳಿಬಿಡಬೇಕಲ್ಲ. ಪೇಟೆಯ ಓಣಿಯಲ್ಲಿ ಅದು ಹಿಡಿಸುವುದಿಲ್ಲ. ಒಂದು ಕಾಯಿಪಲ್ಯೆ ಬಂಡಿ ಎದುರಾದರೆ ಅರ್ಧ ತಾಸು ಜಗಳ. ಡೀಸೆಲ್ ಕುಡಿಯುವುದು ನೋಡಿದರೆ ಎಮ್ಮೆ ನೀರು ಕುಡಿದ ಹಾಗೆ. ರಿಪೇರಿಗೆ ಹೈದರಾಬಾದೇ ಗತಿ. ಎಲ್ಲಕ್ಕಿಂತ ಮುಖ್ಯ, ಅದರ ತೂಕ. ಕಳೆದ ಮಳೆಗಾಲದಲ್ಲಿ ಬೀಗರ ಊರಿಗೆ ಗಾಡಿ ತೋರಿಸಲು ಹೋದ ಬಂಡೆಮ್ಮ, “ನಾಕೂ ಗಾಲಿ ಎಳೀತಾವ, ಇದಕ್ಕ ಹೊಲ ಏನು ರೋಡ್ ಏನು!” ಎಂದು ಮಗನಿಂದ ಹಸಿ ಎರೆಹೊಲಕ್ಕೇ ಇಳಿಸಿದಳು! ಎರೆಮಣ್ಣಿಗೆ ಶ್ರೀಮಂತರು ಬಡವರು ಅಂತ ಇದೆಯೇ? ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ಹೊಟ್ಟೆಯ ತನಕ ಹೂತು ಕೂತಿತು. ಉಮೇಶ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ಎಳೆಯುವಾಗ, ಪಾಪ, ಅವನಿಗೆ ನಗು ತಡೆಯಲಿಲ್ಲ. ಊರೂ ನಕ್ಕಿತು. ಯಾರೋ ವಿಡಿಯೋ ಮಾಡಿದರು, ಅದು ಮರುದಿನವೇ ದೇವದುರ್ಗದ ನೆಂಟರ ಫೋನಿಗೆಲ್ಲ ಹೋಯಿತು. ಅವತ್ತೇ ಬಂಡೆಮ್ಮ ತೀರ್ಪು ಕೊಟ್ಟಳು: “ನನ್ನ ಸೊಸಿ ಆ ಊರ ತುಳಿಯಂಗಿಲ್ಲ. ಅವರು ನನ್ನ ಮನಿ ತುಳಿಯಂಗಿಲ್ಲ!”

ಅವತ್ತಿನಿಂದ ಗಾಡಿಯನ್ನೂ ಊರು ಬಿಟ್ಟು ಹೊರಗೆ ಒಯ್ಯಲಿಲ್ಲ. ಕೆಸರು ಬೇಡ, ಧೂಳು ಬೇಡ. ಮನೆಯಿಂದ ಗುಡಿಗೆ, ಗುಡಿಯಿಂದ ಮನೆಗೆ. ಹಿಂಗೇ ಎಂಟು ತಿಂಗಳು. ಉಮಾದೇವಿ ಬಂದು ಹೋದ ವಾರಕ್ಕೆ ಗಾಡಿಯ ಮುಂದೆ ಒಂದು ಕೆಂಪು ದೀಪ ಹತ್ತಿತು. ಮರುದಿನ ಗಾಡಿ ಮುಲುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಏಳಲೊಲ್ಲದು. ಓಣಿಯ ಮೂಲೆಯ ಮೆಕ್ಯಾನಿಕ್ ಅಸ್ಮತ್ ಬಂದು ನೋಡಿ, ಕೈ ಒರೆಸಿಕೊಂಡು ನಕ್ಕ.

“ಯವ್ವಾ, ಗಾಡಿಗಿ ಏನೂ ಆಗಿಲ್ಲ. ಮನ್ಯಾಗ ಕುಂತು ಕುಂತು ಬ್ಯಾನಿ ಬಂದದ. ಸೈಲೆನ್ಸರ್‌ನಾಗ ಮಸಿ ಹಿಡಿಯೋ ಜಾಲರಿ ಇರತದ. ಗಾಡಿ ದೂರ ಓಡಿ ಬಿಸಿ ಆದ್ರ ಆ ಮಸಿ ಸುಟ್ಟ ಹೋಗತದ. ನೀವು ಗುಡಿಗಿ ಹೋಗಿ ಬರೋದಕ್ಕ ಇಟ್ಟೀರಿ. ಮಸಿ ಹೊರಗ ಹೋಗಲಾರದ ಉಸಿರ ಕಟ್ಟ್ಯಾದ.”

“ಏನ ಮಾಡಬೇಕು ಹೇಳು!”

“ಒಂದು ತಾಸು ಜೋರ ಹೊಡೀರಿ. ಎಂಬತ್ತರ ಕೆಳಗ ಇಳೀಬಾರದು, ನಡುವ ನಿಂದ್ರಬಾರದು. ಈಗ ಹೊಡೀಲಿಲ್ಲಂದ್ರ ಲಾರಿ ಮ್ಯಾಲ ಹಾಕ್ಕೊಂಡು ಹೈದರಾಬಾದಿಗಿ ಒಯ್ಯಬೇಕಾಗತದ.”

ಲಾರಿಯ ಮೇಲೆ! ಇನ್ನೊಂದು ವಿಡಿಯೋ! ಬಂಡೆಮ್ಮ ಕೂಡಲೇ ಮಗನ ಕೈಗೆ ಕೀಲಿ ಕೊಟ್ಟಳು. ದುರುಗೇಶ ಓಡಿಸಲು ಹೋದ. ಅವ್ವ ಪಕ್ಕದಲ್ಲಿ ಕೂತಳು. ಅರವತ್ತು ದಾಟಿತೋ ಇಲ್ಲವೋ, “ಮೆಲ್ಲಕ ಲೇ! ಮೆಲ್ಲಕ! ಕೊಲ್ಲತಿ ಏನು!” ಎರಡು ಸಲ ಹೋದರು, ಎರಡು ಸಲವೂ ಹಾಗೇ ಬಂದರು. ಕೆಂಪು ದೀಪ ಆರಲಿಲ್ಲ. ಮದುವೆಯ ದಿನವೇ ಬೆಳಗಾಯಿತು. ಯಶೋದಾ ಇಡೀ ಜನ್ಮದಲ್ಲಿ ಅತ್ತೆಯ ಎದುರು ದನಿ ಎತ್ತಿದವಳಲ್ಲ. ಅವತ್ತು ಅಂಗಳದ ನಡುವೆ ಬಂದು ನಿಂತಳು.

“ಅತ್ತೀ, ಗಾಡಿ ನಾ ಹೊಡೀತೀನಿ. ನೀವು ಹಿಂದ ಕುಂದರ್ರಿ, ಕಣ್ಣ ಮುಚ್ಚಿಕೋರಿ. ಮಾನ್ವಿ ದಾರಿ ಹಿಡೀತೀನಿ, ದೀಪ ಆರಿಸೇ ಬಿಡತೀನಿ.”

“ಮಾನ್ವಿ ದಾರಿ ಯಾಕ ಹಿಡೀತಿ ಅಂತ ನನಗ ಗೊತ್ತಿಲ್ಲೇನು!”

“ಗೊತ್ತದಲ್ಲ ಅತ್ತಿ. ಮತ್ತ ಯಾಕ ಕೇಳ್ತೀರಿ?”

ಬಂಡೆಮ್ಮನಿಗೆ ಗಾಡಿಯ ಮೇಲಿನ ಆಸೆ ದೊಡ್ಡದಾಯಿತು, ಬಾಯಿ ಮುಚ್ಚಿಕೊಂಡು ಹತ್ತಿದಳು. ಆಹಾ, ಆಮೇಲೆ ನೋಡಬೇಕಿತ್ತು! ಊರು ದಾಟಿದ ಮೇಲೆ ಯಶೋದಾಳ ಕಾಲು ಕೆಳಗಿಳಿಯಿತು. ಎಪ್ಪತ್ತು, ಎಂಬತ್ತು, ತೊಂಬತ್ತು! ಮೊದಲು ಕೆಮ್ಮಿದ ಗಾಡಿ ಆಮೇಲೆ ಗಂಟಲು ಸರಿ ಮಾಡಿಕೊಂಡ ಗವಾಯಿಯಂತೆ ದನಿ ತೆಗೆಯಿತು. ಹತ್ತಿ ಹೇರಿಕೊಂಡು ನೂರಾರು ಸಲ ಓಡಾಡಿದ ದಾರಿ ಅದು, ಅವಳಿಗೆ ಒಂದೊಂದು ತಿರುವೂ ಗೊತ್ತು. ದುರುಗೇಶ ಹೆಂಡತಿಯನ್ನು ಬಾಯಿ ತೆರೆದು ನೋಡುತ್ತ ಕೂತ. ಮಾನ್ವಿ ದಾಟುವ ಹೊತ್ತಿಗೆ ಕೆಂಪು ದೀಪ ತಟ್ಟನೆ ಆರಿತು! “ಆರಿತ ಅವ್ವಾ! ಆರಿತ!” ಎಂದು ದುರುಗೇಶ ಕೂಗಿದ. ಮಲ್ಲಟದ ಕ್ರಾಸ್ ಬಂದಾಗ ಹಿಂದಿನಿಂದ ಬಂಡೆಮ್ಮನ ದನಿ ಕೇಳಿತು.

“ದೀಪ ಆರಿತಲ್ಲ. ಹೊಳ್ಳಿಸು ಗಾಡಿ.”

ಯಶೋದಾ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದಳು. ಅವಳ ಕಣ್ಣಿಂದ ಬಳಬಳನೆ ನೀರು ಇಳಿಯಿತು... “ಅತ್ತೀ, ಮೂರು ಕಿಲೋಮೀಟರ್... ನನ್ನ ತಮ್ಮ ಅರಿಷಿಣ ಹಚ್ಚಿಕೊಂಡು ನನ್ನ ದಾರಿ ಕಾಯಾಕತ್ತಾನ... ಅವನಿಗಿ ನಾನೇ ಅಪ್ಪ, ನಾನೇ ಅಕ್ಕ...”

“ಆ ಊರಾಗ ನಾ ಹೆಂಗ ಮಾರಿ ತೋರಿಸ್ಲಿ ಬೇ!” ಬಂಡೆಮ್ಮ ಕಿರುಚಿದಳು. “ಎಲ್ಲಾರೂ ನಕ್ಕಾರ... ಕುರಿ ಕಾಯಾಕಿಗಿ ಇಂಥ ಗಾಡಿ ಯಾಕ ಬೇಕಿತ್ತು ಅಂತ ನಕ್ಕಾರ...”

ಯಶೋದಾ ಇಂಜಿನ್ ಬಂದ್ ಮಾಡಿದಳು. ಕೀಲಿಯನ್ನು ಅತ್ತೆಯ ಮಡಿಲಲ್ಲಿಟ್ಟಳು. “ನಿಮ್ಮ ಗಾಡಿ ನಿಮಗ ಸರಿ ಮಾಡಿ ಕೊಟ್ಟೀನಿ. ನನಗ ಕಾಲು ಅದಾವ.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಸಿಲಲ್ಲಿ ನಡೆದುಬಿಟ್ಟಳು. ಬಂಡೆಮ್ಮ ಮಗನ ಕಡೆ ತಿರುಗಿದಳು. “ದುರುಗೇಶ, ನೀ ಹೊಡಿ.” ದುರುಗೇಶ ಕೈ ಮುಗಿದ. “ಯವ್ವಾ, ಇಷ್ಟ ವರ್ಷ ನೀ ಹೇಳಿದ್ದೇ ಕೇಳೀನಿ. ಇವತ್ತ ಒಂದಿನ ಆಕಿ ಸಂಗಾಟ ನಡೀತೀನಿ.” ಅವನೂ ಇಳಿದು ಹೆಂಡತಿಯ ಹಿಂದೆ ಓಡಿದ!

ಅಷ್ಟು ದೊಡ್ಡ ಗಾಡಿ, ಅದರಲ್ಲಿ ಒಬ್ಬಳೇ ಬಂಡೆಮ್ಮ. ತಂಪು ಗಾಳಿ ನಿಂತಿತು. ಕಾಲು ತಾಸಿನಲ್ಲಿ ಒಳಗೆ ಬೆಂಕಿ. ಬಾಗಿಲು ತೆರೆದು, ಮಗನ ಕೈ ಇಲ್ಲದೆ, ಜಾರಿಕೊಂಡು ಹೇಗೋ ನೆಲಕ್ಕಿಳಿದಳು. ಅರ್ಧ ತಾಸು ಕಳೆದ ಮೇಲೆ ಮದುವೆಗೆ ಹೊರಟ ಹೆಂಗಸರನ್ನು ತುಂಬಿಕೊಂಡ ಒಂದು ಟಂಟಂ ಆಟೊ ಬಂದು ನಿಂತಿತು. ಮದುವೆಗೆಂದು ಮಾನ್ವಿಯಿಂದ ಹೂವು ತರುತ್ತಿದ್ದ ಉಮಾದೇವಿಯ ನೆರೆಮನೆಯ ವಾಹಿದಾ ತಲೆ ಹೊರಗೆ ಹಾಕಿದಳು.

“ಯಾರ ಕಡ್ಯಾರ್ರೀ ಯವ್ವಾ? ಬಿಸಿಲಾಗ ನಿಂತೀರಿ?”

ಬಂಡೆಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಮದುಮಗನ ಅಕ್ಕನ... ಅತ್ತಿ ನಾ.”

“ಅಯ್ಯ, ಯಶೋದಾನ ಅತ್ತಿ! ಹತ್ರಿ, ಹತ್ರಿ! ಸರೀರೆವ್ವಾ, ಜಾಗ ಮಾಡ್ರಿ!” ನಾಲ್ಕು ಕೈಗಳು ಅವಳನ್ನು ಎತ್ತಿ ಒಳಗೆ ಕೂರಿಸಿದವು. ವಾಹಿದಾ ನೀರಿನ ಬಾಟಲಿ ಕೊಟ್ಟಳು. “ಫೋನ್ ಮಾಡಿದಾಗೆಲ್ಲ ನಿಮ್ಮದೇ ಮಾತು ಆಕೀದು. ನಮ್ಮತ್ತಿ ಒಬ್ಬಾಕೀನೇ ಕುರಿ ಕಾಯ್ದು ಮನಿ ಕಟ್ಟ್ಯಾಳ, ಅಂಥಾಕಿ ನಾ ಎಲ್ಲೂ ನೋಡಿಲ್ಲ ಅಂತಾಳ.”

ಬಂಡೆಮ್ಮ ದಂಗಾದಳು. ಎಂಟು ತಿಂಗಳು ತವರಿನ ಬಾಗಿಲು ಮುಚ್ಚಿದವಳ ಬಗ್ಗೆ ಆ ಹುಡುಗಿ ಆಡಿದ್ದು ಈ ಮಾತೇ? “ನೀವೆಲ್ಲ... ನನ್ನ ನೋಡಿ ನಗಂಗಿಲ್ಲೇನು? ಆವತ್ತ ಗಾಡಿ ಹುಗಿದಾಗ...”

“ಯಾಕ ನಗಬೇಕ್ರೀ? ಅದ ಹೊಲದಾಗ ಈ ಟಂಟಂ ವರ್ಷಕ್ಕ ನಾಕ ಸಲ ಹುಗೀತದ! ಎಲ್ಲಾರೂ ಇಳದು ನೂಕ್ತೀವಿ!” ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಂಡೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು...

ಇತ್ತ ಚಪ್ಪರದಲ್ಲಿ ಬೇರೆಯೇ ನಡೆದಿತ್ತು. ಧೂಳುಗಾಲಲ್ಲಿ ಬಂದ ಮಗಳನ್ನು ಉಮಾದೇವಿ ತಬ್ಬಿಕೊಂಡಳು, ಅತ್ತಳು, ಆದರೆ ಕಳಸ ಮಾತ್ರ ಕೊಡಲಿಲ್ಲ. “ಬ್ಯಾಡ ಮಗಾ! ಅತ್ತೀ ಮನಿ ಒಪ್ಪಿಗಿ ಇಲ್ಲದ ಹಿಡಿದ್ರ ನಾಳಿ ನಿನ್ನ ಬಾಳೇವು ಏನಾದೀತು? ಒಬ್ಬರ ಮದಿವಿ ಮಾಡಿ ಇನ್ನೊಬ್ಬರ ಸಂಸಾರ ಮುರೀಲೇನು ನಾನು?” ಕಳಸ ಚಿಕ್ಕಪ್ಪನ ಮಗಳ ಕೈಗೆ ಹೋಯಿತು. ಬಾಸಿಂಗ ಕಟ್ಟಿಕೊಂಡ ಉಮೇಶ ಅಕ್ಕನ ಮುಖ ನೋಡಲಾರದೆ ತಲೆ ತಗ್ಗಿಸಿದ. ಅಯ್ಯನವರು ಮುಹೂರ್ತ ಬಂತೆಂದು ಕೈಯೆತ್ತಿದರು.

“ತಡೀರಿ ಅಯ್ನೋರ!”

ಚಪ್ಪರವೆಲ್ಲ ತಿರುಗಿ ನೋಡಿತು. ಕೂದಲು ಬಿಚ್ಚಿಹೋಗಿ, ರೇಷ್ಮೆ ಸೀರೆಯ ತುಂಬ ಧೂಳು ಮೆತ್ತಿಕೊಂಡು ಬಂಡೆಮ್ಮ ಜನರನ್ನು ಸರಿಸುತ್ತ ಬಂದಳು. “ನನ್ನ ಸೊಸಿ ಇಲ್ಲೇ ಇರೂಮುಂದ ಮತ್ತೊಬ್ಬರು ಕಳಸ ಹಿಡಿಯೋದಾ? ಆಕಿ ನಿಂದ್ರೂತನ ಒಂದ ಅಕ್ಕಿಕಾಳೂ ಬೀಳಬಾರದು, ಹೇಳೀನಿ!” ಆ ಹುಡುಗಿಯ ಕೈಯಿಂದ ಕಳಸವನ್ನು ತಾನೇ ತೆಗೆದುಕೊಂಡು ಯಶೋದಾಳ ಕೈಯಲ್ಲಿಟ್ಟಳು. ಯಶೋದಾ “ಅತ್ತೀ...” ಎನ್ನುತ್ತ ಅತ್ತುಬಿಟ್ಟಳು. “ಅಳಬ್ಯಾಡ ಯವ್ವಾ,” ಎಂದಳು ಬಂಡೆಮ್ಮ, ತಾನೇ ಅಳುತ್ತ. “ತಪ್ಪು ನಂದು. ತಮ್ಮನ ಬಾಜೂಕ ನೆಟ್ಟಗ ನಿಂದ್ರು.” ಉಮೇಶ ಬಾಸಿಂಗ ಸಮೇತ ಬಗ್ಗಿ ಅವಳ ಕಾಲು ಮುಟ್ಟಿದ. “ಅತ್ತೀ, ನಕ್ಕಿದ್ದು ತಪ್ಪಾತು...” “ನಗೋ ಹಂಗೇ ಇತ್ತಲ್ಲೋ ಅದು!” ಎಂದು ಬಂಡೆಮ್ಮ ಅವನ ಬೆನ್ನಿಗೆ ಗುದ್ದಿದಳು. ಇಡೀ ಚಪ್ಪರ ನಕ್ಕಿತು. ಈ ಸಲ ಅವಳೂ ನಕ್ಕಳು!

ಗಂಡ ಇಲ್ಲದವಳೆಂದು ಉಮಾದೇವಿ ಹಿಂದೆ ಕಂಬದ ಮರೆಗೆ ಸರಿದು ನಿಂತಿದ್ದಳು. ಬಂಡೆಮ್ಮ ಹೋಗಿ ಅವಳ ರಟ್ಟೆ ಹಿಡಿದಳು. “ಬರ್ರಿ ಬೀಗತಿ. ಗಂಡಸರು ನಡುನೀರಾಗ ಬಿಟ್ಟು ಹೋದ್ರು, ನೀವೂ ಮಕ್ಕಳನ್ನ ದಡ ಹಚ್ಚೀರಿ, ನಾನೂ ಹಚ್ಚೀನಿ. ನಾವು ಮುಂದ ನಿಂದ್ರಲಿಲ್ಲಂದ್ರ ಮತ್ಯಾರು ನಿಂದ್ರಬೇಕು?” ಯಾರೋ ಮುದುಕಿ ಏನೋ ಗೊಣಗಿದಳು, ಬಂಡೆಮ್ಮ ತಿರುಗಿ ನೋಡಿದ್ದೇ ತಡ, ಗೊಣಗು ನಿಂತಿತು. ಇಬ್ಬರು ತಾಯಂದಿರೂ ಎಲ್ಲರಿಗಿಂತ ಮುಂದೆ ಬಂದು ನಿಂತರು. ಯಶೋದಾ ಕಳಸವನ್ನು ಎದೆಗೊತ್ತಿಕೊಂಡು ತಮ್ಮನ ಪಕ್ಕದಲ್ಲಿ ನಿಂತಳು. ಅಯ್ಯನವರು ಕೈಯೆತ್ತಿದರು, ಬಾಜಾ ಮೊಳಗಿತು, ಮೊದಲ ಅಕ್ಕಿಕಾಳನ್ನು ಬಂಡೆಮ್ಮನೂ ಉಮಾದೇವಿಯೂ ಒಟ್ಟಿಗೇ ಹಾಕಿದರು.