ಆ ಕಥೆ ವಾಪಸ್ ಬೇಕಿತ್ತು

"ಮೇಡಂ, ಆ ಕಥೆ... ವಾಪಸ್ ಬೇಕಿತ್ತು."

ಅವಳು ಪ್ರೂಫ್‌ನಿಂದ ತಲೆ ಎತ್ತಲಿಲ್ಲ. ಆ ದನಿ ಕೇಳಿದರೆ ಸಾಕು, ಕಿವಿ ಬಿಸಿಯಾಗುತ್ತದೆ. ಅದು ಅವನಿಗೆ ಕಾಣಬಾರದು.

ಸೋದರಮಾವನ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ ಸಂಪಾದಿಸುವ ಪುಟ್ಟ ಸಾಹಿತ್ಯ ಪತ್ರಿಕೆ. ಅವನು ಮುಂದಿನ ಬೀದಿಯ ಮೆಡಿಕಲ್ ಶಾಪಿನವನು. ಅವನ ಮೊದಲ ಕಥೆ ಅಚ್ಚಾದದ್ದು ಇಲ್ಲೇ, ಎರಡನೆಯದೂ ಇಲ್ಲೇ. ಈಗ ವಾಪಸ್ ಕೇಳುತ್ತಿರುವುದು ಮೂರನೆಯದು. ಈ ಮೇಜಿನ ಆಚೆ ಈಚೆ ಕೂತು ಒಂದೊಂದು ಸಾಲಿಗೂ ಜಗಳವಾಡಿದ್ದರು. ಅವಳು ಒಂದು ಪ್ಯಾರಾ ಹೊಡೆದು ಹಾಕಿದರೆ ಅವನು ಹಲ್ಲು ಕೀಳಿಸಿಕೊಂಡವನ ಹಾಗೆ ಮುಖ ಮಾಡುತ್ತಿದ್ದ. ಅವಳು ನಗು ತಡೆಯಲು ತುಟಿ ಕಚ್ಚುತ್ತಿದ್ದಳು. ಆ ತುಟಿ ನೋಡುತ್ತ ಅವನು ಎಲ್ಲಿಯವರೆಗೆ ಓದಿದ್ದೆನೆಂಬುದನ್ನೇ ಮರೆಯುತ್ತಿದ್ದ.

"ಪುಟ ಕಟ್ಟಿ ಆಗಿದೆ. ನಾಳೆ ಅಚ್ಚಿಗೆ ಹೋಗತ್ತೆ. ಯಾಕೆ?"

"ದೊಡ್ಡ ಮ್ಯಾಗಝಿನ್‌ನವರು ಒಪ್ಪಿದಾರೆ."

"ನಮಗೆ ಕೊಟ್ಟ ಮೇಲೆ ಅವರಿಗೂ ಕಳಿಸಿದ್ರಾ?"

"ಹೇಗೂ ಒಪ್ಪಲ್ಲ ಅಂದ್ಕೊಂಡು ಕಳಿಸಿದ್ದು. ಅದ್ರಲ್ಲಿ ಬಂದ್ರೆ ಪುಸ್ತಕ ಮಾಡೋಣ ಅಂತ ಒಬ್ಬ ಪ್ರಕಾಶಕರು ಹೇಳಿದಾರೆ. ಸಣ್ಣ ಪತ್ರಿಕೇಲಿ ಬಂದಿದ್ದು ಲೆಕ್ಕಕ್ಕಿಲ್ಲವಂತೆ."

ಮಾತು ಜಾರಿದ ಮೇಲೆ ಅವನ ಮುಖ ಪೆಚ್ಚಾಯಿತು.

ಅವಳು ಪೆನ್ನು ಕೆಳಗಿಟ್ಟಳು. ಇಲ್ಲಿ ಕೈ ಪಳಗಿಸಿಕೊಂಡು ದೊಡ್ಡ ಬಾಗಿಲು ದಾಟಿದವರು ಎಷ್ಟೋ ಜನ. ಆಮೇಲೆ ಒಂದು ಫೋನೂ ಇಲ್ಲ. ಅದಕ್ಕೆ ಅವಳು ಬೇಸರಪಟ್ಟುಕೊಂಡದ್ದೂ ಇಲ್ಲ. ಇವನೂ ಹಾಗೇ ಹೊರಟದ್ದನ್ನು ಮಾತ್ರ ಸಹಿಸಲಾಗಲಿಲ್ಲ.

"ಮೆಟ್ಟಿಲು ಅಂದ್ಕೊಂಡ್ಯಾ ನನ್ನ?"

ನನ್ನ ಪತ್ರಿಕೇನ ಅನ್ನಬೇಕಿತ್ತು. ಅಂದ್ಕೊಂಡ್ರಾ ಅನ್ನಬೇಕಿತ್ತು. ಎರಡೂ ತಪ್ಪಿತು. ಅವನು ಚಕ್ಕನೆ ಅವಳ ಕಣ್ಣನ್ನೇ ನೋಡಿದ.

"ಪತ್ರಿಕೇನ ಹಾಗೆ ಅಂದ್ಕೊಂಡಿದ್ದು ಹೌದು, ಸುಳ್ಳು ಹೇಳಲ್ಲ. ನಿಮ್ಮನ್ನಲ್ಲ. ಎರಡನೇ ಕಥೇಲಿ ಬೇಕಂತಲೇ ತಪ್ಪು ಬಿಟ್ಟಿದ್ದೆ. ತಿದ್ದೋದು ಬೇಗ ಮುಗಿದ್ರೆ ಎದ್ದು ಹೋಗಬೇಕಲ್ಲ."

"ಥೂ! ಆ ಒತ್ತಕ್ಷರಗಳಿಗೆ ನಾನೆಷ್ಟು ತಲೆ ಚಚ್ಚಿಕೊಂಡೆ!"

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವ ಅಕ್ಕನನ್ನು ಕೂಗಿದಳು.

"ಅಕ್ಕಾ, ಆ ಕಥೆ ತೆಗೆದುಬಿಡಿ."

"ಈಗ್ಲಾ? ಅಷ್ಟೂ ಪುಟ ಖಾಲಿ ಬೀಳತ್ತಲ್ಲೇ!"

"ಬೀಳಲಿ." ಅವನ ಕಡೆ ತಿರುಗಿದಳು. "ಹೋಗಿ, ದೊಡ್ಡವರಾಗಿ. ಇನ್ಮೇಲೆ ಇಲ್ಲಿಗೆ ಕಥೆ ತರಬೇಡಿ. ಒಂದಕ್ಷರಾನೂ ಓದಲ್ಲ."

ಅವನು ಬಾಗಿಲವರೆಗೆ ಹೋಗಿ ನಿಂತ.

"ಕಥೆ ತರಲ್ಲ. ಬರಿಗೈಲಿ ಬರಬಹುದಾ?"

"ಯಾಕೆ?"

"ನೀವಂದ್ರೆ ನಂಗೆ ತುಂಬಾ ಇಷ್ಟ. ಅದಕ್ಕೆ."

ಪಕ್ಕದ ಕೋಣೆಯಲ್ಲಿ ಕೀಬೋರ್ಡಿನ ಸದ್ದು ತಟ್ಟನೆ ನಿಂತಿತು.

"ನಂಗೆ ಕೋಪ ಇದೆ," ಎಂದಳು ಅವಳು. ನಿಜಕ್ಕೂ ಇತ್ತು.

"ಗೊತ್ತು."

"ಇಷ್ಟು ಬೇಗ ಇಳಿಯಲ್ಲ ಅದು."

"ದಿನಾ ಬಂದು ಬೈಸಿಕೊಂಡು ಹೋಗ್ತೀನಿ."

ಅವಳು ಎದ್ದು ಬೀರುವಿನ ಮೇಲಿದ್ದ ಹಸ್ತಪ್ರತಿಗಳ ಕಟ್ಟನ್ನು ಇಳಿಸಿದಳು. ಎಲ್ಲ ಹೊಸಬರ ಕಥೆಗಳು. ಕಟ್ಟು ಬಿಚ್ಚಿ ಅರ್ಧವನ್ನು ಅವನ ಕೈಗೆ ಹಾಕಿದಳು.

"ಬೆಳಗಾಗೋದ್ರೊಳಗೆ ಆ ಪುಟ ತುಂಬಬೇಕು. ಕೂತ್ಕೊಂಡು ಓದು. ಚೆನ್ನಾಗಿರೋದು ಸಿಕ್ಕಿದ್ರೆ ನನ್ನನ್ನ ಕರಿ."