ತಾತನ ಸೊಟ್ಟ ಬಾಯಿ

"ಅಂದ್ರೆ ನನ್ನ ಹೃದಯದ ಬಾಗಿಲಿಗೆ ಸುಣ್ಣ ಕಟ್ಟಿದೆ ಅಂತೀರಿ," ಎಂದ ತಾತ ಎವಾರಿಸ್ತೋ. ಆಸ್ಪತ್ರೆ ಮಂಚದ ಮೇಲೆ ಕೂತು ಇಸ್ಪೀಟು ಎಲೆ ಕಲಸುತ್ತಿದ್ದ.

"ಹೌದು ದೋನ್ ಎವಾರಿಸ್ತೋ. ವಾಲ್ವ್ ಅನ್ನೋ ಆ ಬಾಗಿಲು ಪೂರ್ತಿ ತೆರೀತಿಲ್ಲ. ಅದಕ್ಕೇ ನಾಲ್ಕು ಮೆಟ್ಟಿಲು ಹತ್ತಿದ್ರೂ ಏದುಸಿರು ಬರುತ್ತೆ. ನಾಳೆ ತೊಡೆಯ ರಕ್ತನಾಳದ ಮೂಲಕ ಹೊಸ ಬಾಗಿಲು ಕಳಿಸಿ ಕೂರಿಸ್ತೀವಿ," ಎಂದರು ಡಾಕ್ಟರ್ ನೋರಾ.

"ಹಳೇ ಸುಣ್ಣ ಎಲ್ಲಿಗೆ ಹೋಗುತ್ತೆ?" ಎಂದು ಮೊಮ್ಮಗಳು ಬ್ರಿಸಾ ಕೇಳಿದಳು. ಅವಳು ಐದನೇ ಕ್ಲಾಸು. ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ.

"ಒಳ್ಳೇ ಪ್ರಶ್ನೆ. ಚೂರು ಉದುರಿ ತಲೆಗೆ ಹೋದ್ರೆ ಮಿದುಳಿಗೆ ತೊಂದ್ರೆ. ಮಾತು ನಿಲ್ಲಬಹುದು, ಬಾಯಿ ಒಂದು ಕಡೆ ವಾಲಬಹುದು. ಅದಕ್ಕೇ ತಲೆಗೆ ಹೋಗೋ ರಕ್ತನಾಳದಲ್ಲಿ ಪುಟ್ಟ ಜಾಲರಿ ಇಡ್ತೀವಿ. ಮಾಟೆ ಚಹಾ ಹೀರೋ ಕೊಳವೆ ತುದೀಲಿ ಎಲೆ ಸೋಸೋಕೆ ಇರುತ್ತಲ್ಲ, ಹಾಗೆ."

"ಅಷ್ಟು ಸೋಸಿದ್ರೂ ಒಂದೊಂದು ಎಲೆ ಬಾಯಿಗೆ ಬಂದೇ ಬರುತ್ತೆ ಡಾಕ್ಟ್ರೇ," ಎಂದ ತಾತ.

"ಬರುತ್ತೆ. ನಾನು ಪೂರ್ತಿ ಗ್ಯಾರಂಟಿ ಕೊಡಲ್ಲ. ಆದ್ರೆ ಹುಷಾರಾಗಿ ಮಾಡ್ತೀವಿ."

ತಾತ ಗಹಗಹಿಸಿ ನಕ್ಕ. "ನನ್ನ ತಲೇಲಿ ಕೆಡೋಕೆ ಏನಿದೆ ಬಿಡಿ."

ಬ್ರಿಸಾಗೆ ನಗು ಬರಲಿಲ್ಲ. ತಾತ ಮಾತಿನ ಮಲ್ಲ. ಅವನ ಮಾತೇ ನಿಂತುಹೋದರೆ?

ಮರುದಿನ ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದು, ಹೊಸ ಬಾಗಿಲು ಚೆನ್ನಾಗಿ ಕೂತಿದೆ ಎಂದರು. ಮೊಬೈಲಿನಲ್ಲಿ ಜಾಲರಿಯ ಫೋಟೋ ತೋರಿಸಿದರು. ಅದರಲ್ಲಿ ರವೆಯಂಥ ಚೂರುಗಳು ಸಿಕ್ಕಿಕೊಂಡಿದ್ದವು. ನುಸುಳಿ ಹೋದದ್ದು ಎಷ್ಟು ಎಂದು ಕೇಳಲು ಬ್ರಿಸಾಗೆ ಧೈರ್ಯವಾಗಲಿಲ್ಲ.

ಸಂಜೆ ಅಮ್ಮನೂ ಅವಳೂ ಒಳಗೆ ಹೋದಾಗ ತಾತನಿಗೆ ಎಚ್ಚರವಾಗಿತ್ತು. ನರ್ಸ್ ಎಲ್ವಿರಾ ಅವನ ಮೇಲೆ ಬಗ್ಗಿ, "ನಿಮ್ಮ ಹೆಸರೇನು ತಾತ?" ಎಂದು ಕೇಳುತ್ತಿದ್ದರು. ತಾತ ತುಟಿ ಬಿಗಿಹಿಡಿದು ಸುಮ್ಮನಿದ್ದ. ಬ್ರಿಸಾಳನ್ನು ಕಂಡದ್ದೇ ಅವನ ಬಾಯಿ ಬಲಕ್ಕೆ ಸೊಟ್ಟಗಾಯಿತು.

"ಬಾಯಿ ವಾಲ್ತಿದೆ, ಡಾಕ್ಟರನ್ನ ಕರೀರಿ," ಎಂದು ಎಲ್ವಿರಾ ಬಾಗಿಲತ್ತ ಕೂಗಿದರು. ಅಮ್ಮ ಮುಖ ಮುಚ್ಚಿಕೊಂಡಳು.

ಬ್ರಿಸಾ ತಾತನ ಮುಖದಿಂದ ಕಣ್ಣು ಕೀಳಲಿಲ್ಲ. ಬಾಯಿ ನೆಟ್ಟಗಾಯಿತು. ಮತ್ತೆ ಬಲಕ್ಕೆ ತಿರುಗಿತು. ಸ್ವಾಧೀನ ತಪ್ಪಿದ ಬಾಯಿ ಹೀಗೆ ಹೋಗಿ ಬಂದು ಮಾಡುತ್ತದೆಯೇ?

ಟ್ರೂಕೋ ಇಸ್ಪೀಟಾಟದಲ್ಲಿ ಎದುರಾಳಿಯ ಕಣ್ಣು ತಪ್ಪಿಸಿ ನಮ್ಮ ಜೋಡಿಗೆ ಮುಖದಲ್ಲೇ ಎಲೆ ಹೇಳಬೇಕು. ಬಾಯಿ ಬಲಕ್ಕೆ ಹೋದರೆ ಕೈಯಲ್ಲಿ ಕತ್ತಿ ಚಿತ್ರದ ಏಳು ಇದೆ ಎಂದರ್ಥ. ಬಡಾವಣೆಯ ಕ್ಲಬ್ಬಿನಲ್ಲಿ ತಾತನ ಜೋಡಿ ಬ್ರಿಸಾನೇ.

ಅವಳು ಗದ್ದ ಎತ್ತಿ ಸನ್ನೆಯಲ್ಲೇ ಕೇಳಿದಳು: ಇನ್ನೇನಿದೆ?

ತಾತ ಎರಡೂ ಹುಬ್ಬು ಹಾರಿಸಿದ. ಅದು ಕತ್ತಿ ಎಕ್ಕ, ಎಲ್ಲಕ್ಕಿಂತ ದೊಡ್ಡ ಎಲೆ. ಆಮೇಲೆ ಕೆಳತುಟಿ ಕಚ್ಚಿದ. ಅದು ಮೂರರ ಎಲೆ.

"ಮಿಸ್, ಇದು ಟ್ರೂಕೋ. ತಾತ ನಂಗೆ ಎಲೆ ಹೇಳ್ತಿದ್ದಾನೆ," ಎಂದಳು ಬ್ರಿಸಾ.

"ಸುಮ್ನಿರು ಪುಟ್ಟಿ," ಎಂದರು ಎಲ್ವಿರಾ. ಪೆರುವಿನಿಂದ ಈ ದೇಶಕ್ಕೆ ಮೊನ್ನೆ ಮೊನ್ನೆ ಬಂದವರು, ಅವರಿಗೆ ಟ್ರೂಕೋ ಗೊತ್ತಿರಲಿಲ್ಲ.

ಓಡಿ ಬಂದ ಡಾಕ್ಟರ್ ನೋರಾ ತಾತನ ಮುಖವನ್ನೇ ದಿಟ್ಟಿಸಿದರು. ತಾತ ಅದೇ ಮೂರು ಸನ್ನೆಗಳನ್ನು ಮತ್ತೆ ಮಾಡಿದ. "ಎಕ್ಕ, ಏಳು, ಮೂರು. ಇಷ್ಟು ಒಳ್ಳೇ ಎಲೆ ನಿಮಗೆ ಬಂದಿರೋದು ಸುಳ್ಳು, ದೋನ್ ಎವಾರಿಸ್ತೋ."

ಹಾಗೆಂದರೂ ಪರೀಕ್ಷೆ ಬಿಡಲಿಲ್ಲ. ತಾತ ನಕ್ಕು ತೋರಿಸಿದ, ಎರಡೂ ಕೈ ಎತ್ತಿದ, ಅವರ ಬೆರಳು ಹಿಸುಕಿದ.

"ಈಗ ಹೆಸರು ಹೇಳಿ."

ತಾತ ಬ್ರಿಸಾಳತ್ತ ನೋಡಿದ. "ಎವಾರಿಸ್ತೋ," ಎಂದ. ಗಂಟಲು ಒಣಗಿತ್ತು, ಆದರೆ ಹೆಸರು ಪೂರ್ತಿ ಬಂತು. ಅಮ್ಮ ಅಳುತ್ತಲೇ ನಗತೊಡಗಿದಳು.

"ನನ್ನ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಸಲ ಮೂತಿ ತಿರುಗಿಸಿದ್ರೆ ಪ್ಲಾಸ್ಟರ್ ಅಂಟಿಸ್ತೀನಿ," ಎಂದು ಎಲ್ವಿರಾ ಗದರಿದರು.

ಅಮ್ಮ ಡಾಕ್ಟರ ಜೊತೆ ಮಾತಾಡಲು ಹೊರಗೆ ಹೋದ ಮೇಲೆ ಬ್ರಿಸಾ ಕೇಳಿದಳು, "ನರ್ಸ್ ಹೆಸರು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ತಾತ ಪಿಸುಗುಟ್ಟಿದ. "ಬಾಯಿ ತೆಗೆದು, ಮಾತೇ ಬರದೇ ಹೋಗಿದ್ರೆ? ನೀನು ಬರಲಿ ಅಂತ ಕಾದೆ. ನಿಂಗಾದ್ರೆ ಸನ್ನೆನೇ ಸಾಕು."

ತಾತ ಹೆದರಿದ್ದನ್ನು ಬ್ರಿಸಾ ಎಂದೂ ಕಂಡಿರಲಿಲ್ಲ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"ಅಮ್ಮಂಗೆ ಹೇಳ್ಬೇಡ," ಎಂದ ತಾತ.

"ಹೇಳಲ್ಲ. ನೀನು ಏನಾದ್ರೂ ಮಾತಾಡ್ತಾ ಇರು ತಾತ. ನಾನು ಕೇಳ್ತೀನಿ."